ಅಳೆದು ಹಂಚಿದ ನೀರು, ಅಳೆಯಲಾಗದ ನೆಲ

ಜೋರ್ಡಾನ್ ನದಿಯ ಹೆಸರು ಕೇಳದವರು ಕಡಿಮೆ. ಯಹೂದ್ಯರು, ಕ್ರೈಸ್ತರು, ಮುಸ್ಲಿಮರು ಮೂವರ ಪುರಾತನ ನೆನಪುಗಳಲ್ಲೂ ಅದು ಹರಿಯುತ್ತದೆ. ಆದರೆ ಹೆಸರಿನಷ್ಟು ದೊಡ್ಡದಲ್ಲ ಆ ನದಿ. ಅದರ ಉದ್ದ ಸುಮಾರು 250 ಕಿಲೋಮೀಟರ್. ಅಣೆಕಟ್ಟು, ಪಂಪುಗಳು ಬರುವ ಮೊದಲು ಅದು ವರ್ಷಕ್ಕೆ ಮೃತ ಸಮುದ್ರಕ್ಕೆ ತಂದು ಸುರಿಯುತ್ತಿದ್ದ ನೀರು ಸುಮಾರು 130 ಕೋಟಿ ಘನ ಮೀಟರ್, ಅಂದರೆ ಸುಮಾರು 46 ಟಿಎಂಸಿ. ಕೃಷ್ಣರಾಜಸಾಗರದ ಸಾಮರ್ಥ್ಯವೇ 49 ಟಿಎಂಸಿ. ಜೋರ್ಡಾನಿನ ಇಡೀ ವರ್ಷದ ನೀರನ್ನು ಹಿಡಿದಿಟ್ಟರೂ ಕನ್ನಂಬಾಡಿ ಕಟ್ಟೆ ತುಂಬುವುದಿಲ್ಲ. ಇಷ್ಟು ನೀರಿಗೆ ಪಾಲುದಾರರು ಐವರು: ಲೆಬನಾನ್, ಸಿರಿಯಾ, ಇಸ್ರೇಲ್, ಜೋರ್ಡಾನ್ ದೇಶಗಳು ಮತ್ತು ಪ್ಯಾಲೆಸ್ಟೀನ್ ಜನ.

ಇಸ್ರೇಲ್ ಮತ್ತು ಅರಬ್ಬರ ಕಲಹ ನೀರಿನಿಂದ ಹುಟ್ಟಿದ್ದಲ್ಲ. ನೆಲ, ಧರ್ಮ, ದೇಶಭ್ರಷ್ಟರ ನೋವು, ಪರಸ್ಪರ ಭಯ ಎಲ್ಲವೂ ಅದರಲ್ಲಿ ಸೇರಿವೆ. ಆದರೂ ನೀರಿನ ಜಾಡು ಹಿಡಿದು ಹೊರಟರೆ ಆ ಚರಿತ್ರೆ ಸ್ವಲ್ಪ ಸುಲಭವಾಗಿ ಅರ್ಥವಾಗುತ್ತದೆ. ನೀರಿಗೆ ಒಂದು ಅಳತೆಯಿದೆ. ಅಳತೆಯಿರುವುದರ ಬಗ್ಗೆ ವೈರಿಗಳೂ ಮಾತನಾಡಬಲ್ಲರು.

ಮೂರು ಬುಗ್ಗೆಗಳು, ಮೂರು ದೇಶಗಳು

ಭೂಪಟದಲ್ಲಿ ಹರ್ಮೋನ್ ಪರ್ವತವನ್ನು ಹುಡುಕಿ. ಅದರ ಹಿಮ ಮತ್ತು ಮಳೆಯ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಬುಡದಲ್ಲಿ ಬುಗ್ಗೆಗಳಾಗಿ ಚಿಮ್ಮುತ್ತದೆ. ಹಸ್ಬಾನಿ ಹುಟ್ಟುವುದು ಲೆಬನಾನಿನಲ್ಲಿ. ಬನಿಯಾಸ್ ಹುಟ್ಟುವುದು ಸಿರಿಯಾದ ಗೋಲಾನ್ ಪ್ರಸ್ಥಭೂಮಿಯ ಅಂಚಿನಲ್ಲಿ. ಮೂರರಲ್ಲಿ ದೊಡ್ಡದಾದ ದಾನ್ ಹುಟ್ಟುವುದು ಇಸ್ರೇಲಿನಲ್ಲಿ. ಮೂರೂ ಸೇರಿ ಜೋರ್ಡಾನ್ ಆಗುತ್ತದೆ.

ಅಲ್ಲಿಂದ ಅದು ಗೆಲಿಲಿ ಸರೋವರಕ್ಕೆ ಇಳಿಯುತ್ತದೆ. ಈ ಸಿಹಿನೀರಿನ ಸರೋವರ ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗಿದೆ. ಸರೋವರದಿಂದ ಹೊರಟ ಮೇಲೆ ಪೂರ್ವದಿಂದ ಯಾರ್ಮೂಕ್ ನದಿ ಬಂದು ಸೇರುತ್ತದೆ. ಕೊನೆಗೆ ಮೃತ ಸಮುದ್ರ. ಭೂಮಿಯ ಮೇಲೆ ನೆಲದ ಅತ್ಯಂತ ತಗ್ಗಿನ ಜಾಗ ಅದರ ದಂಡೆ. ಅಲ್ಲಿ ಸೇರಿದ ನೀರಿಗೆ ಆವಿಯಾಗುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಉಪ್ಪು ಮಾತ್ರ ಉಳಿಯುತ್ತದೆ.

ನೀರಿಗೆ ಇಳಿಜಾರು ಗೊತ್ತು, ಗಡಿ ಗೊತ್ತಿಲ್ಲ. ಗಡಿ ಎಳೆದವರಿಗೆ ಇಳಿಜಾರಿನ ಚಿಂತೆ ಇರಲಿಲ್ಲ.

ಒಂದು ನೆಲ, ಎರಡು ಮಾತು

ಮೊದಲನೆಯ ಮಹಾಯುದ್ಧದವರೆಗೆ ಪ್ಯಾಲೆಸ್ಟೀನ್ ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. ಅಲ್ಲಿನ ಜನರಲ್ಲಿ ಬಹುಪಾಲು ಅರಬ್ಬರು. ಯಹೂದ್ಯರ ಸಂಖ್ಯೆ ಚಿಕ್ಕದು. ಯೂರೋಪಿನಲ್ಲಿ ತಲೆಮಾರುಗಳಿಂದ ಹಿಂಸೆ ಅನುಭವಿಸಿದ್ದ ಯಹೂದ್ಯರಲ್ಲಿ ತಮ್ಮ ಪೂರ್ವಜರ ನೆಲದಲ್ಲೇ ಒಂದು ನೆಲೆ ಬೇಕೆಂಬ ಚಳವಳಿ ಬೆಳೆಯಿತು. 1897ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಅದರ ಮೊದಲ ಮಹಾಸಭೆ ನಡೆಯಿತು.

ಯುದ್ಧದ ನಡುವೆ ಬ್ರಿಟಿಷರು ಎರಡು ಕಡೆ ಮಾತು ಕೊಟ್ಟರು. ತುರ್ಕರ ವಿರುದ್ಧ ದಂಗೆಯೆದ್ದರೆ ಸ್ವಾತಂತ್ರ್ಯ ಸಿಗುವುದೆಂದು 1915-16ರ ಪತ್ರಗಳಲ್ಲಿ ಅರಬ್ಬರಿಗೆ ಭರವಸೆಯಿತ್ತರು. ಅದರಲ್ಲಿ ಪ್ಯಾಲೆಸ್ಟೀನೂ ಸೇರಿದೆಯೆಂದು ಅರಬ್ಬರು ತಿಳಿದರು. 1917ರ ನವೆಂಬರ್ 2ರ ಬಾಲ್ಫೋರ್ ಘೋಷಣೆಯಲ್ಲಿ ಪ್ಯಾಲೆಸ್ಟೀನಿನಲ್ಲಿ ಯಹೂದ್ಯರಿಗೆ ರಾಷ್ಟ್ರೀಯ ನೆಲೆ ಒದಗಿಸಲು ನೆರವಾಗುವುದಾಗಿ ಹೇಳಿದರು. ಒಂದೇ ಹೊಲಕ್ಕೆ ಇಬ್ಬರಿಗೆ ಕರಾರುಪತ್ರ ಬರೆದುಕೊಟ್ಟಂತಾಯಿತು.

ಈ ಯುದ್ಧದಲ್ಲಿ ಕನ್ನಡ ನಾಡಿನವರೂ ಪಾಲುಗೊಂಡಿದ್ದರು. 1918ರ ಸೆಪ್ಟೆಂಬರ್ 23ರಂದು ತುರ್ಕರಿಂದ ಹೈಫಾ ಬಂದರನ್ನು ಗೆದ್ದ ಅಶ್ವದಳಗಳಲ್ಲಿ ಜೋಧಪುರದವರ ಜೊತೆ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಇದ್ದರು. ಗೆದ್ದ ಊರು ಮುಂದೆ ಯಾರದಾಗಬೇಕು ಎಂಬುದನ್ನು ತೀರ್ಮಾನಿಸುವವರು ಬೇರೆ ಇದ್ದರು.

ನಂತರದ ಬ್ರಿಟಿಷ್ ಆಡಳಿತದಲ್ಲಿ ಯಹೂದ್ಯರ ವಲಸೆ ಹೆಚ್ಚಿತು. 1936ರಿಂದ 1939ರವರೆಗೆ ಅರಬ್ಬರು ದಂಗೆಯೆದ್ದರು. ಆಮೇಲೆ ಹಿಟ್ಲರನ ನಾತ್ಸಿಗಳು ಯೂರೋಪಿನಲ್ಲಿ ಸುಮಾರು 60 ಲಕ್ಷ ಯಹೂದ್ಯರನ್ನು ಕೊಂದರು. ಬದುಕುಳಿದವರಿಗೆ ಸ್ವಂತ ದೇಶವೊಂದೇ ಗತಿ ಎಂಬ ಮಾತಿಗೆ ಬಲ ಬಂತು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯು ಪ್ಯಾಲೆಸ್ಟೀನನ್ನು ಎರಡಾಗಿ ವಿಭಜಿಸುವ ನಿರ್ಣಯ ಮಾಡಿತು. ಪರವಾಗಿ 33 ಮತ, ವಿರುದ್ಧ 13. ಭಾರತದ ಮತ ವಿರುದ್ಧವಾಗಿತ್ತು. ಜನಸಂಖ್ಯೆಯಲ್ಲಿ ಮೂರನೆಯ ಒಂದು ಭಾಗದಷ್ಟಿದ್ದ ಯಹೂದ್ಯರಿಗೆ ಅರ್ಧಕ್ಕಿಂತ ಹೆಚ್ಚು ನೆಲ ಕೊಟ್ಟ ಈ ಯೋಜನೆಯನ್ನು ಯಹೂದ್ಯ ನಾಯಕರು ಒಪ್ಪಿದರು, ಅರಬ್ಬರು ತಿರಸ್ಕರಿಸಿದರು.

1948ರ ಮೇ 14ರಂದು ಇಸ್ರೇಲ್ ಉದಯವಾಯಿತು. ಮರುದಿನವೇ ಅರಬ್ ದೇಶಗಳ ಸೇನೆಗಳು ನುಗ್ಗಿದವು. ಯುದ್ಧ ಮುಗಿಯುವ ಹೊತ್ತಿಗೆ ಇಸ್ರೇಲ್ ತನಗೆ ಕೊಟ್ಟಿದ್ದಕ್ಕಿಂತ ಹೆಚ್ಚು ನೆಲ ಹಿಡಿದಿತ್ತು. ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡು ನಿರಾಶ್ರಿತರಾದರು. ಮುಂದಿನ ವರ್ಷಗಳಲ್ಲಿ ಅರಬ್ ದೇಶಗಳಲ್ಲಿದ್ದ ಲಕ್ಷಾಂತರ ಯಹೂದ್ಯರೂ ತಮ್ಮ ಊರು ಬಿಟ್ಟು ಇಸ್ರೇಲಿಗೆ ಬಂದರು. ಪಶ್ಚಿಮ ದಂಡೆ ಜೋರ್ಡಾನಿನ ಕೈಯಲ್ಲಿ, ಗಾಜಾ ಪಟ್ಟಿ ಈಜಿಪ್ಟಿನ ಕೈಯಲ್ಲಿ ಉಳಿದವು. ಪ್ಯಾಲೆಸ್ಟೀನ್ ಎಂಬ ದೇಶ ಮಾತ್ರ ಹುಟ್ಟಲಿಲ್ಲ.

ಹಕ್ಕು ಕೇಳದೆ ಅಗತ್ಯ ಕೇಳಿದವನು

ಎರಡೂ ಕಡೆ ಜನ ತುಂಬಿದಾಗ ನೀರಿನ ಚಿಂತೆ ಹತ್ತಿತು. 1951ರಲ್ಲಿ ಇಸ್ರೇಲ್ ಗೆಲಿಲಿಯ ಉತ್ತರಕ್ಕಿದ್ದ ಹೂಲಾ ಜೌಗನ್ನು ಬತ್ತಿಸಲು ಹೊರಟಾಗ ಸಿರಿಯಾದೊಂದಿಗೆ ಗುಂಡಿನ ಚಕಮಕಿಯಾಯಿತು. (ಬತ್ತಿಸಿದ ಜೌಗು ಮುಂದೆ ಬೇರೆಯೇ ಪಾಠ ಕಲಿಸಿತು. ಒಣಗಿದ ಸಸ್ಯಾವಶೇಷದ ಮಣ್ಣು ಕುಸಿಯಿತು, ಅಲ್ಲಲ್ಲಿ ಹೊತ್ತಿ ಉರಿಯಿತು. 1994ರಲ್ಲಿ ಅದರ ಒಂದು ಭಾಗಕ್ಕೆ ಮತ್ತೆ ನೀರು ಬಿಡಬೇಕಾಯಿತು.) 1953ರಲ್ಲಿ ನದಿಯನ್ನೇ ತಿರುಗಿಸುವ ಕಾಲುವೆಯ ಕೆಲಸ ಸೇನಾರಹಿತ ವಲಯದಲ್ಲಿ ಶುರುವಾಯಿತು. ಸಿರಿಯಾ ವಿಶ್ವಸಂಸ್ಥೆಗೆ ದೂರಿತು, ಅಮೆರಿಕ ನೆರವು ತಡೆಹಿಡಿಯಿತು, ಕೆಲಸ ನಿಂತಿತು.

ಅದೇ ವರ್ಷ ಅಧ್ಯಕ್ಷ ಐಸೆನ್‌ಹೋವರ್ ಅವರು ಎರಿಕ್ ಜಾನ್ಸ್‌ಟನ್ ಎಂಬುವರನ್ನು ಸಂಧಾನಕ್ಕೆ ಕಳಿಸಿದರು. ಅವರು ಎಂಜಿನಿಯರ್ ಅಲ್ಲ, ಅಮೆರಿಕದ ಚಲನಚಿತ್ರ ನಿರ್ಮಾಪಕರ ಸಂಘದ ಅಧ್ಯಕ್ಷರು. 1955ರವರೆಗೆ ಅವರು ಈ ದೇಶಗಳ ನಡುವೆ ಮತ್ತೆ ಮತ್ತೆ ಓಡಾಡಿದರು. ಯಾರಿಗೆ ಎಷ್ಟು ಹಕ್ಕು ಎಂದು ಕೇಳಿದರೆ ಜಗಳ ಮುಗಿಯದು; ನದೀಪಾತ್ರದಲ್ಲಿ ಯಾರ ಎಷ್ಟು ಭೂಮಿಗೆ ಎಷ್ಟು ನೀರು ಬೇಕು ಎಂದು ಕೇಳಿದರೆ ಅದು ಲೆಕ್ಕವಾಗುತ್ತದೆ. ಮಾತುಕತೆ ಈ ದಾರಿಯಲ್ಲಿ ನಡೆಯಿತು. ಕೊನೆಯ ಲೆಕ್ಕ ಹೀಗಿತ್ತು: ಜೋರ್ಡಾನಿಗೆ ವರ್ಷಕ್ಕೆ 72 ಕೋಟಿ ಘನ ಮೀಟರ್, ಸಿರಿಯಾಕ್ಕೆ 13.2 ಕೋಟಿ, ಲೆಬನಾನಿಗೆ 3.5 ಕೋಟಿ, ಉಳಿದ ಸುಮಾರು 40 ಕೋಟಿ ಇಸ್ರೇಲಿಗೆ.

ಎರಡೂ ಕಡೆಯ ತಂತ್ರಜ್ಞರು ಇದನ್ನು ಒಪ್ಪಿದರು. ಆದರೆ 1955ರ ಅಕ್ಟೋಬರಿನಲ್ಲಿ ಅರಬ್ ಒಕ್ಕೂಟ ಅನುಮೋದನೆ ಕೊಡಲಿಲ್ಲ. ಸಹಿ ಹಾಕಿದರೆ ಇಸ್ರೇಲನ್ನು ದೇಶವೆಂದು ಒಪ್ಪಿದಂತಾಗುತ್ತದೆ ಎಂಬ ಅಡ್ಡಿ. ಹಾಗಿದ್ದೂ ಇಸ್ರೇಲ್ ಮತ್ತು ಜೋರ್ಡಾನ್ ಮುಂದೆ ಬಹುಮಟ್ಟಿಗೆ ಈ ಅಂಕಿಗಳನ್ನೇ ಗಮನದಲ್ಲಿಟ್ಟುಕೊಂಡು ತಮ್ಮ ಯೋಜನೆಗಳನ್ನು ರೂಪಿಸಿದವು.

ಕಾಲುವೆಯಿಂದ ಯುದ್ಧದೆಡೆಗೆ

1964ರಲ್ಲಿ ಇಸ್ರೇಲಿನ ರಾಷ್ಟ್ರೀಯ ನೀರು ಸಾಗಣೆ ಯೋಜನೆ ಪೂರ್ಣಗೊಂಡಿತು. ಗೆಲಿಲಿಯ ನೀರನ್ನು ಪಂಪುಗಳಿಂದ ಮೇಲೆತ್ತಿ ಸುಮಾರು 130 ಕಿಲೋಮೀಟರ್ ಉದ್ದದ ಕಾಲುವೆ, ಸುರಂಗ, ಕೊಳವೆಗಳ ಮೂಲಕ ಒಣ ದಕ್ಷಿಣದತ್ತ ಒಯ್ಯುವ ವ್ಯವಸ್ಥೆ ಅದು. ಅದೇ ವರ್ಷದ ಜನವರಿಯಲ್ಲಿ ಕೈರೋದಲ್ಲಿ ಸೇರಿದ ಅರಬ್ ನಾಯಕರು ಮೇಲ್ದಂಡೆಯಲ್ಲೇ ಹಸ್ಬಾನಿ, ಬನಿಯಾಸ್ ತೊರೆಗಳನ್ನು ತಿರುಗಿಸಲು ನಿರ್ಧರಿಸಿದರು. 1965ರ ಆರಂಭದಲ್ಲಿ ಪ್ಯಾಲೆಸ್ಟೀನಿಯರ ಫತಾ ಸಂಘಟನೆ ತನ್ನ ಮೊದಲ ದಾಳಿಗೆ ಆರಿಸಿಕೊಂಡ ಗುರಿಯೂ ಈ ನೀರು ಸಾಗಣೆ ಯೋಜನೆಯೇ. ಸಿರಿಯಾದ ತಿರುವು ಕಾಮಗಾರಿಗಳ ಮೇಲೆ ಇಸ್ರೇಲ್ 1965-66ರಲ್ಲಿ ಟ್ಯಾಂಕು, ವಿಮಾನಗಳಿಂದ ದಾಳಿ ಮಾಡಿತು.

1967ರ ಜೂನ್ ಯುದ್ಧಕ್ಕೆ ಕಾರಣಗಳು ಹಲವು; ನೀರಿನ ಈ ಕದನ ಅವುಗಳಲ್ಲಿ ಒಂದು. ಆರು ದಿನಗಳಲ್ಲಿ ಸಿನಾಯ್, ಗಾಜಾ, ಪಶ್ಚಿಮ ದಂಡೆ, ಪೂರ್ವ ಜೆರುಸಲೇಂ, ಗೋಲಾನ್ ಎಲ್ಲವೂ ಇಸ್ರೇಲಿನ ವಶವಾದವು. ಬನಿಯಾಸ್ ಬುಗ್ಗೆಯೂ ಅದರ ಕೈಗೆ ಬಂತು. ಪಶ್ಚಿಮ ದಂಡೆಯ ಬೆಟ್ಟಗಳ ಮೇಲೆ ಬಿದ್ದ ಮಳೆ ಕಲ್ಲಿನ ಪದರಗಳಲ್ಲಿ ಇಳಿದು ಬಹುಪಾಲು ಪಶ್ಚಿಮದ ಬಯಲಿನತ್ತ ಸಾಗುತ್ತದೆ. ಆ ಅಂತರ್ಜಲದ ಮೇಲಿನ ಹಿಡಿತವೂ ಇಸ್ರೇಲಿಗೆ ಸಿಕ್ಕಿತು.

ನದೀದಂಡೆಯ ಮೇಜು

1973ರಲ್ಲಿ ಈಜಿಪ್ಟ್, ಸಿರಿಯಾಗಳೊಂದಿಗೆ ಮತ್ತೊಂದು ಯುದ್ಧವಾಯಿತು. 1979ರಲ್ಲಿ ಈಜಿಪ್ಟ್ ಇಸ್ರೇಲಿನೊಂದಿಗೆ ಶಾಂತಿ ಒಪ್ಪಂದ ಮಾಡಿಕೊಂಡು ಸಿನಾಯ್ ಮರಳಿ ಪಡೆಯುವ ದಾರಿ ಮಾಡಿಕೊಂಡಿತು.

ಇತ್ತ ಜೋರ್ಡಾನ್ ಮತ್ತು ಇಸ್ರೇಲ್ ಕಾಗದದ ಮೇಲೆ ಇನ್ನೂ ಯುದ್ಧದಲ್ಲೇ ಇದ್ದವು. 1969ರಲ್ಲಿ ಜೋರ್ಡಾನಿನ ಪೂರ್ವ ಘೋರ್ ಕಾಲುವೆಯನ್ನು ಇಸ್ರೇಲ್ ದಾಳಿಯಲ್ಲಿ ಒಡೆದಿತ್ತು. ಆದರೂ ಯಾರ್ಮೂಕ್ ಮತ್ತು ಜೋರ್ಡಾನ್ ಸೇರುವ ಕಡೆ ಎರಡೂ ದೇಶಗಳ ನೀರಾವರಿ ಅಧಿಕಾರಿಗಳು ವಿಶ್ವಸಂಸ್ಥೆಯ ಆಶ್ರಯದಲ್ಲಿ ದಶಕಗಳ ಕಾಲ ಗುಟ್ಟಾಗಿ ಭೇಟಿಯಾಗುತ್ತಿದ್ದರು. ಇವಕ್ಕೆ ‘ಪಿಕ್ನಿಕ್ ಮೇಜಿನ ಮಾತುಕತೆ’ ಎಂದೇ ಹೆಸರು. ಬೇಸಿಗೆಯಲ್ಲಿ ಯಾರಿಗೆ ಎಷ್ಟು ನೀರು, ಹೂಳು ತೆಗೆಯುವುದು ಹೇಗೆ ಎಂಬಂಥ ಸಾಮಾನ್ಯ ವಿಷಯಗಳೇ ಅಲ್ಲಿ ಚರ್ಚೆಗೆ ಬರುತ್ತಿದ್ದವು.

ಆ ಪರಿಚಯ 1994ರ ಅಕ್ಟೋಬರ್ 26ರ ಶಾಂತಿ ಒಪ್ಪಂದದಲ್ಲಿ ಫಲ ಕೊಟ್ಟಿತು. ಅದರ ಒಂದು ಕಲಮು ವಿದ್ಯಾರ್ಥಿಗಳು ಗಮನಿಸುವಂಥದು. ಯಾರ್ಮೂಕಿನ ಮೇಲೆ ಜೋರ್ಡಾನಿಗೆ ಆಗ ದೊಡ್ಡ ಜಲಾಶಯವಿರಲಿಲ್ಲ, ಯಾರ್ಮೂಕಿನಲ್ಲಿ ನೀರಿರುವುದು ಚಳಿಗಾಲದಲ್ಲಿ, ಬೆಳೆಗೆ ಬೇಕಾಗುವುದು ಬೇಸಿಗೆಯಲ್ಲಿ. ಅದಕ್ಕಾಗಿ ಇಸ್ರೇಲ್ ಚಳಿಗಾಲದಲ್ಲಿ ಯಾರ್ಮೂಕಿನಿಂದ 2 ಕೋಟಿ ಘನ ಮೀಟರ್ ಹೆಚ್ಚುವರಿ ನೀರು ತೆಗೆದುಕೊಂಡು, ಬೇಸಿಗೆಯಲ್ಲಿ ಅಷ್ಟೇ ನೀರನ್ನು ಹಿಂದಿರುಗಿಸಬೇಕು. ಗೆಲಿಲಿ ಸರೋವರವೇ ಬ್ಯಾಂಕಾಯಿತು; ಠೇವಣಿ ಇಟ್ಟವರು ನಿನ್ನೆಯ ವೈರಿಗಳು. 2021ರಲ್ಲಿ ಇಸ್ರೇಲ್ ಇನ್ನೂ 5 ಕೋಟಿ ಘನ ಮೀಟರ್ ನೀರನ್ನು ಜೋರ್ಡಾನಿಗೆ ಮಾರಲು ಒಪ್ಪಿತು.

ಮೇಜಿಗೆ ತಡವಾಗಿ ಬಂದವರು

ಈ ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಜಾನ್ಸ್‌ಟನ್ ಲೆಕ್ಕದಲ್ಲಿ ನಾಲ್ಕು ದೇಶಗಳ ಹೆಸರಿತ್ತು, ಪ್ಯಾಲೆಸ್ಟೀನಿಯರ ಹೆಸರಿರಲಿಲ್ಲ. ಅವರಿಗೆ ದೇಶವಿಲ್ಲದ ಕಾರಣ ಮೇಜಿನಲ್ಲಿ ಕುರ್ಚಿಯೂ ಇರಲಿಲ್ಲ. 1987ರ ಬಂಡಾಯ, 1993ರ ಓಸ್ಲೋ ಒಪ್ಪಂದಗಳ ನಂತರ 1995ರ ಸೆಪ್ಟೆಂಬರಿನಲ್ಲಷ್ಟೇ ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ಟೀನಿಯರಿಗೆ ನೀರಿನ ಹಕ್ಕಿದೆ ಎಂದು ಇಸ್ರೇಲ್ ಬರಹದಲ್ಲಿ ಒಪ್ಪಿತು. ಹಕ್ಕು ಎಷ್ಟು ಎಂಬುದನ್ನು ಅಂತಿಮ ಮಾತುಕತೆಗೆ ಬಿಟ್ಟರು. ಐದು ವರ್ಷಗಳ ಮಧ್ಯಂತರ ಏರ್ಪಾಡು ಎಂದಿದ್ದ ಅದಕ್ಕೆ ಅಂತಿಮ ಒಪ್ಪಂದ ಬರಲೇ ಇಲ್ಲ. ಒಪ್ಪಂದ ಮಾಡಿದ ಪ್ರಧಾನಿ ರಾಬಿನ್ ಅವರನ್ನು ಅದೇ ವರ್ಷದ ನವೆಂಬರಿನಲ್ಲಿ ಒಬ್ಬ ಯಹೂದ್ಯ ಉಗ್ರವಾದಿ ಕೊಂದ. ಆತ್ಮಾಹುತಿ ಬಾಂಬುಗಳು, ವಸಾಹತುಗಳ ವಿಸ್ತರಣೆ, 2000ದ ಎರಡನೆಯ ಬಂಡಾಯ ಉಳಿದ ನಂಬಿಕೆಯನ್ನೂ ತಿಂದವು. ತಲಾ ಲೆಕ್ಕದಲ್ಲಿ ಪ್ಯಾಲೆಸ್ಟೀನಿಯರಿಗೆ ಸಿಗುವ ನೀರು ಇಸ್ರೇಲಿಗಳಿಗೆ ಸಿಗುವುದರ ಸುಮಾರು ಕಾಲು ಭಾಗ ಎಂದು 2009ರಲ್ಲಿ ವಿಶ್ವಬ್ಯಾಂಕ್ ವರದಿ ಮಾಡಿತು.

ಗಾಜಾದ ಸ್ಥಿತಿ ಇನ್ನೂ ಕಷ್ಟ. 365 ಚದರ ಕಿಲೋಮೀಟರಿನಲ್ಲಿ 20 ಲಕ್ಷಕ್ಕೂ ಹೆಚ್ಚು ಜನ. ಅಂತರ್ಜಲವನ್ನು ಮಿತಿಮೀರಿ ಎತ್ತಿದಾಗ ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತದೆ. ಚರಂಡಿ ನೀರೂ ಇಂಗಿ ಸೇರಿ, 2023ಕ್ಕೂ ಮೊದಲೇ ಅಲ್ಲಿನ ಬಹುಪಾಲು ಅಂತರ್ಜಲ ಕುಡಿಯಲು ಯೋಗ್ಯವಾಗಿರಲಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1200 ಜನ ಸತ್ತರು. ಸುಮಾರು 250 ಮಂದಿಯನ್ನು ಒತ್ತೆಯಾಳುಗಳಾಗಿ ಒಯ್ದರು. ಎರಡು ದಿನಗಳಲ್ಲಿ ಇಸ್ರೇಲ್ ಗಾಜಾಕ್ಕೆ ನೀರು, ವಿದ್ಯುತ್ ಕಡಿತ ಘೋಷಿಸಿತು. ಆ ಬಳಿಕದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು 60 ಸಾವಿರಕ್ಕೂ ಹೆಚ್ಚು ಎಂಬುದು ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ. ಬಾವಿ, ಕೊಳವೆ, ಶುದ್ಧೀಕರಣ ಘಟಕಗಳಲ್ಲಿ ಹೆಚ್ಚಿನವು ಹಾಳಾದವು. 2025ರ ಅಕ್ಟೋಬರಿನಲ್ಲಿ ಕದನವಿರಾಮದ ಒಪ್ಪಂದವಾಯಿತು. ಇಸ್ರೇಲಿಗೆ ಸೌರವಿದ್ಯುತ್, ಜೋರ್ಡಾನಿಗೆ ನೀರು ಎಂಬ ವಿನಿಮಯದ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲವೆಂದು ಜೋರ್ಡಾನ್ 2023ರ ನವೆಂಬರಿನಲ್ಲೇ ಹಿಂದೆ ಸರಿದಿತ್ತು.

ನೀರು ಹೆಚ್ಚಾದರೆ ಸಾಕೆ?

ವಿಜ್ಞಾನ ತನ್ನ ಪಾಲಿನ ಕೆಲಸ ಮಾಡಿದೆ. 2005ರಲ್ಲಿ ಅಶ್ಕೆಲೋನಿನಲ್ಲಿ, ಆಮೇಲೆ ಇತರ ಕಡೆ ದೊಡ್ಡ ಘಟಕಗಳನ್ನು ಕಟ್ಟಿ ಇಸ್ರೇಲ್ ಸಮುದ್ರದ ನೀರನ್ನು ಸಿಹಿಯಾಗಿಸುತ್ತಿದೆ. ತತ್ವ ಮನೆಯ ಆರ್‌ಓ ಯಂತ್ರದ್ದೇ: ಉಪ್ಪನ್ನು ತಡೆದು ನೀರನ್ನು ಬಿಡುವ ಪೊರೆಯ ಮೂಲಕ ಒತ್ತಡ ಹಾಕಿ ದಾಟಿಸುವುದು. ಒಂದು ಕಾಲಕ್ಕೆ ಗೆಲಿಲಿಯಿಂದ ನೀರೆತ್ತುತ್ತಿದ್ದ ದೇಶ ಈಗ ಸಿಹಿಯಾದ ಸಮುದ್ರದ ನೀರನ್ನು ಆ ಸರೋವರಕ್ಕೇ ಹಾಯಿಸುವ ವ್ಯವಸ್ಥೆ ಮಾಡಿಕೊಂಡಿದೆ.

ಅಂದರೆ ನೀರು ಇಷ್ಟೇ ಎಂಬ ಕಾರಣ ಈಗ ಪೂರ್ತಿ ನಿಜವಲ್ಲ. ಆದರೂ ಕಲಹ ಮುಗಿದಿಲ್ಲ. ಕೆಳಭಾಗದ ಜೋರ್ಡಾನ್ ಹಿಂದಿನ ಹರಿವಿನ ಹತ್ತನೆಯ ಒಂದು ಭಾಗವೂ ಇಲ್ಲದ ಕೊಳಕು ತೊರೆಯಾಗಿದೆ. ಮೃತ ಸಮುದ್ರದ ಮಟ್ಟ ವರ್ಷಕ್ಕೆ ಒಂದು ಮೀಟರಿನಷ್ಟು ಇಳಿಯುತ್ತಿದೆ. ಅದರ ದಂಡೆಗಳಲ್ಲಿ ನೆಲ ಕುಸಿದು ಕುಳಿಗಳು ಬೀಳುತ್ತಿವೆ.

ಎಷ್ಟು ಎಕರೆಗೆ ಎಷ್ಟು ನೀರು ಎಂಬ ಪ್ರಶ್ನೆಗೆ ಉತ್ತರ 1955ರಲ್ಲೇ ಸಿಕ್ಕಿತ್ತು. ಲೆಕ್ಕಕ್ಕೆ ಕೂರುವವರು ಯಾರು ಯಾರು ಎಂಬ ಪ್ರಶ್ನೆ ಅದಕ್ಕೂ ಮೊದಲು ಬಗೆಹರಿಯಬೇಕಿತ್ತು. ಎದುರಿಗಿರುವವನೂ ಇದೇ ನೆಲದವನು, ಅವನ ಮಕ್ಕಳಿಗೂ ಬಾಯಾರಿಕೆಯಿದೆ ಎಂದು ಎರಡೂ ಕಡೆಯವರು ಒಪ್ಪುವವರೆಗೆ ಎಂಥ ಜಾಣ ಎಂಜಿನಿಯರನ ಲೆಕ್ಕವೂ ಕಾಗದದ ಮೇಲೇ ಉಳಿಯುತ್ತದೆ.