ರೂಪವೂ ರೂಪಾಯಿಯೂ

ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆಯಲ್ಲಿಯೋ ಅಜ್ಜಿಯ ಸೀರೆಗಳ ಅಡಿಯಲ್ಲಿಯೋ ಬಟ್ಟೆಯ ಗಂಟೊಂದು ಇರುವುದು ಸಾಮಾನ್ಯ. ಬಿಚ್ಚಿ ನೋಡಿದರೆ ವಿಕ್ಟೋರಿಯಾ ರಾಣಿಯ ಮುಖವುಳ್ಳ ನಾಲ್ಕಾರು ಬೆಳ್ಳಿಯ ರೂಪಾಯಿಗಳು, ಆನೆಯ ಚಿತ್ರವುಳ್ಳ ಮೈಸೂರಿನ ತಾಮ್ರದ ಕಾಸುಗಳು, ನಡುವೆ ತೂತಿರುವ ಪೈಸೆಗಳು ದೊರೆಯುತ್ತವೆ. ಇವುಗಳನ್ನು ನೋಡಬೇಕೆನ್ನುವವರು ಹಿಂದೆ ಮನೆಯ ಬಾಗಿಲಿಗೇ ಬರಬೇಕಾಗಿದ್ದಿತು. ಈಗಲಾದರೋ ಕೈಯಲ್ಲಿರುವ ಫೋನಿನಿಂದ ಚಿತ್ರ ತೆಗೆದು ಅಂತರ್ಜಾಲದಲ್ಲಿ ಇರಿಸಿದರೆ ಸಾವಿರಾರು ಮೈಲಿ ದೂರದ ನಾಣ್ಯಾಸಕ್ತರೂ ಅದನ್ನು ನೋಡಬಲ್ಲರು. ಆದರೆ ಅವರು ನಾಣ್ಯವನ್ನು ಕೈಯಲ್ಲಿ ಹಿಡಿಯಲಾರರು, ತೂಗಲಾರರು, ಕಲ್ಲಿನ ಮೇಲೆ ಹಾಕಿ ಅದರ ನಾದವನ್ನು ಕೇಳಲಾರರು. ಚಿತ್ರವೇ ಅವರ ಪಾಲಿಗೆ ಸಾಕ್ಷಿ. ಈ ಸಾಕ್ಷಿಯನ್ನು ಸಿದ್ಧಪಡಿಸುವ ಬಗೆ ಹೇಗೆಂಬುದನ್ನು ಈ ತಿಂಗಳು ವಿಚಾರಿಸೋಣ.

ನಾವು ನಿತ್ಯವೂ ಆಡುವ ರೂಪಾಯಿ ಎಂಬ ಮಾತು ಸಂಸ್ಕೃತದ 'ರೂಪ್ಯ' ಶಬ್ದದಿಂದ ಬಂದುದು. ಪಾಣಿನಿಯು ಈ ಶಬ್ದಕ್ಕೆ ಎರಡು ಅರ್ಥಗಳನ್ನು ವಿಧಿಸಿದ್ದಾನೆ: ರೂಪವನ್ನು ಅಚ್ಚೊತ್ತಿಸಿಕೊಂಡದ್ದು ಎಂಬುದು ಒಂದು, ರೂಪದಿಂದ ಪ್ರಶಂಸೆಗೆ ಪಾತ್ರವಾದದ್ದು ಎಂಬುದು ಇನ್ನೊಂದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯಗಳನ್ನು ಪರೀಕ್ಷಿಸುವ ಅಧಿಕಾರಿಗೆ ರೂಪದರ್ಶಕನೆಂದೇ ಹೆಸರು. ನಾಣ್ಯದ ಚಿತ್ರ ತೆಗೆಯುವವನು ಈ ರೂಪದರ್ಶಕನ ಸ್ಥಾನದಲ್ಲಿ ನಿಂತಿರುತ್ತಾನೆ. ಆದಕಾರಣ ಅವನು ಹಿಡಿಯತಕ್ಕದ್ದು ಮೊದಲನೆಯ ಅರ್ಥವನ್ನು. ಒತ್ತಿದ ರೂಪವನ್ನು ಇದ್ದುದು ಇದ್ದಂತೆ ತೋರಿಸುವುದಷ್ಟೇ ಅವನ ಕೆಲಸ. ಪ್ರಶಂಸೆಯನ್ನು ನೋಡುವವರಿಗೆ ಬಿಡುವುದು ಮೇಲು.

ಈ ಮಾತನ್ನು ಮರೆತರೆ ಆಗುವ ನಷ್ಟ ಸಣ್ಣದಲ್ಲ. ನಮಗೆ ಪರಿಚಿತವಾದ ಒಂದು ಕುಟುಂಬದಲ್ಲಿ ಯಜಮಾನರು ತೀರಿಹೋದ ಮೇಲೆ, ಮಗಳ ಕಾಲೇಜಿನ ಖರ್ಚಿಗೆಂದು ತಾಯಿಯು ಇಂತಹ ಗಂಟೊಂದನ್ನು ಬಿಚ್ಚಿದರು. ಚಿತ್ರದಲ್ಲಿ ಚೆನ್ನಾಗಿ ಕಾಣಲೆಂದು, ಹಬ್ಬದ ಹಿಂದಿನ ದಿನ ಪೂಜೆಯ ಪಾತ್ರೆಗಳನ್ನು ಬೆಳಗುವಂತೆ, ತಾಮ್ರದ ಕಾಸುಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ರೂಪಾಯಿಗಳನ್ನು ಪುಡಿ ಹಾಕಿ ಉಜ್ಜಿದರು. ನಾಣ್ಯಗಳು ಥಳಥಳಿಸಿದವು. ಕೊಳ್ಳಲು ಬಂದವರು ಮಾತ್ರ ಚಿತ್ರಗಳನ್ನು ನೋಡಿದೊಡನೆ ಹಿಂದೆಗೆದರು. ಒಬ್ಬರು ಬೆಳ್ಳಿಯ ತೂಕದ ಬೆಲೆಯನ್ನಷ್ಟೇ ಹೇಳಿದರು. ತಾಮ್ರದ ಮೇಲೆ ನೂರು ವರ್ಷಗಳಿಂದ ಕೂಡಿದ ಕಂದು ಹೊದಿಕೆಯು ಕೊಳೆಯಲ್ಲ, ಅದರ ವಯಸ್ಸಿನ ಗುರುತು. ಹುಳಿಯು ಆ ಹೊದಿಕೆಯನ್ನು ತಿನ್ನುತ್ತದೆ. ಪುಡಿಯು ಬೆಳ್ಳಿಯ ಮೇಲೆ ಕೂದಲೆಳೆಯಂತಹ ಗೀರುಗಳನ್ನು ಎಳೆಯುತ್ತದೆ. ಒಮ್ಮೆ ಹೋದುದು ಮತ್ತೆ ಬಾರದು. ಆದಕಾರಣ ಮೊದಲನೆಯ ನಿಯಮವಿದು: ಮೇಲಿನ ಧೂಳನ್ನು ಊದಿ ತೆಗೆಯಬಹುದು, ತಿಕ್ಕಕೂಡದು, ತೊಳೆಯಕೂಡದು. ನಾಣ್ಯದ ಮುಖವನ್ನು ಬೆರಳಿನಿಂದ ಮುಟ್ಟದೆ ಅಂಚಿನಲ್ಲಿಯೇ ಹಿಡಿಯಬೇಕು. ಕೆಳಗೆ ಮೆತ್ತನೆಯ ಬಟ್ಟೆಯನ್ನು ಹಾಸಿರಬೇಕು.

ಇನ್ನು ಚಿತ್ರ ತೆಗೆಯುವ ಕ್ರಮ. ಇದಕ್ಕೆ ಬೆಲೆಬಾಳುವ ಸಲಕರಣೆ ಬೇಕಾಗಿಲ್ಲ. ಮೇಜಿನ ಮೇಲೆ ಪುಸ್ತಕಗಳನ್ನು ಸುಮಾರು ಒಂದು ಗೇಣು ಎತ್ತರಕ್ಕೆ ಪೇರಿಸಿ, ಫೋನಿನ ಕ್ಯಾಮೆರಾ ಇರುವ ತುದಿಯು ಹೊರಕ್ಕೆ ಚಾಚುವಂತೆ ಅದನ್ನು ಮಲಗಿಸಿ, ಇನ್ನೊಂದು ತುದಿಯ ಮೇಲೆ ಭಾರವಾದ ಪುಸ್ತಕವೊಂದನ್ನು ಇಡಿರಿ. ನಾಣ್ಯವು ಕ್ಯಾಮೆರಾದ ನೇರ ಕೆಳಗೆ, ಬೂದುಬಣ್ಣದ ಕಾಗದದ ಮೇಲೆ ಇರಲಿ. ತೀರ ಕಪ್ಪಾದ ಹಾಸಿನ ಮೇಲೆ ಇಟ್ಟರೆ ಫೋನು ಮೋಸಹೋಗಿ ನಾಣ್ಯವನ್ನು ಅತಿಯಾಗಿ ಬೆಳ್ಳಗೆ ತೋರಿಸುವುದುಂಟು. ಬಹಳ ಹತ್ತಿರಕ್ಕೆ ಒಯ್ದರೆ ಚಿತ್ರವು ಮಸುಕಾಗುತ್ತದೆ. ಗೇಣು ದೂರದಿಂದಲೇ ತೆಗೆದು ಬಳಿಕ ಸುತ್ತಲಿನ ಖಾಲಿ ಭಾಗವನ್ನು ಕತ್ತರಿಸುವುದು ಲೇಸು. ಬೆರಳು ತಾಗಿ ಫೋನು ಅಲುಗದಂತೆ, ಒತ್ತಿದ ಎರಡು ಮೂರು ಸೆಕೆಂಡುಗಳ ನಂತರ ಚಿತ್ರ ತೆಗೆಯುವ ಏರ್ಪಾಡನ್ನು ಬಳಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬೆಳಕು. ಫೋನಿನ ಮಿಂಚುದೀಪವನ್ನು ಹಾಕಕೂಡದು. ಅದು ನಾಣ್ಯದ ನಡುವೆ ಬಿಳಿಯ ಮಚ್ಚೆಯನ್ನು ಮಾಡಿ ಗೆರೆಗಳನ್ನೆಲ್ಲ ನುಂಗುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಬಳಿ ಹಗಲಿನ ಬೆಳಕೇ ಸಾಕು. ಬೆಳ್ಳಿಯು ಕನ್ನಡಿಯಂತೆ ಹೊಳೆಯುವುದರಿಂದ ಕಿಟಕಿಗೆ ತೆಳುವಾದ ಬಿಳಿಯ ಪಂಚೆಯನ್ನು ಇಳಿಬಿಟ್ಟು ಬೆಳಕನ್ನು ಸೋಸಬೇಕು. ಸವೆದ ತಾಮ್ರಕ್ಕಾದರೆ ಓರೆಯಾದ ಬೆಳಕು ಹಿತ. ಅಳಿದ ಅಕ್ಷರಗಳೂ ನೆರಳಿನಿಂದ ಮೇಲೇಳುತ್ತವೆ. ಬೆಳಕು ಚಿತ್ರದ ಮೇಲ್ಭಾಗದಿಂದಲೇ ಬರಬೇಕೆಂಬುದಕ್ಕೆ ಕಾರಣವುಂಟು. ಬೆಳಕು ಆಕಾಶದಿಂದ ಬರುತ್ತದೆಂದು ನಮ್ಮ ಕಣ್ಣು ನಂಬಿರುತ್ತದೆ; ಕೆಳಗಿನಿಂದ ಬೆಳಗಿಸಿದರೆ ಉಬ್ಬಿದ ಮುಖವು ತಗ್ಗಿದಂತೆ ತೋರೀತು. ಹಗಲಿನ ಬೆಳಕಿನೊಡನೆ ಹಳದಿಯ ದೀಪವನ್ನು ಬೆರಸಿದರೆ ಲೋಹದ ಬಣ್ಣವೇ ಸುಳ್ಳಾಗುತ್ತದೆ.

ಸೂಕ್ಷ್ಮವು ಕಾಣುವುದರ ಮಹತ್ವಕ್ಕೆ 1911ರ ರೂಪಾಯಿಯ ಕಥೆಯನ್ನು ನೆನೆಯಬಹುದು. ಅದರಲ್ಲಿ ಐದನೆಯ ಜಾರ್ಜನ ನಿಲುವಂಗಿಯ ಮೇಲೆ ಕಾಣುವ ಪದಕಮಾಲೆಯಲ್ಲಿ ಸಾಸುವೆಯಷ್ಟು ಪುಟ್ಟ ಆನೆಯೊಂದಿತ್ತು. ಸೊಂಡಿಲು ಮೋಟಾಗಿದ್ದುದರಿಂದ ಜನರಿಗೆ ಅದು ಹಂದಿಯಂತೆ ಕಂಡಿತು, ಆಕ್ಷೇಪವೆದ್ದಿತು, ಸರ್ಕಾರವು ಆ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಂಡು 1912ರಿಂದ ಆನೆಯನ್ನು ತಿದ್ದಿ ಅಚ್ಚುಹಾಕಿಸಿತು. ಇಂದು 1911ರ ರೂಪಾಯಿಯನ್ನು ಅರಸುವವರು ಮೊದಲು ನೋಡುವುದು ಆ ಸೊಂಡಿಲನ್ನೇ. ನಮ್ಮ ಕಾಲದ ನಾಣ್ಯಗಳಲ್ಲಿಯೂ ವರ್ಷದ ಕೆಳಗಿನ ಚಿಕ್ಕ ಗುರುತು ಟಂಕಸಾಲೆಯನ್ನು ಹೇಳುತ್ತದೆ: ವಜ್ರಾಕೃತಿಯು ಮುಂಬಯಿಗೆ, ನಕ್ಷತ್ರವು ಹೈದರಾಬಾದಿಗೆ, ಚುಕ್ಕೆಯು ನೋಯಿಡಾಕ್ಕೆ ಸಲ್ಲುತ್ತದೆ, ಕಲ್ಕತ್ತೆಯದಕ್ಕೆ ಗುರುತಿಲ್ಲ. ಇವು ಕಾಣದ ಚಿತ್ರವು ಅರ್ಧ ಸಾಕ್ಷಿ ಮಾತ್ರ.

ಒಂದು ನಾಣ್ಯಕ್ಕೆ ಕಡಿಮೆಯೆಂದರೆ ನಾಲ್ಕು ಚಿತ್ರಗಳು ಬೇಕು: ಎರಡು ಮುಖಗಳು, ಅಂಚು, ಅಳತೆಪಟ್ಟಿಯ ಪಕ್ಕದಲ್ಲಿ ಇಟ್ಟ ನಾಣ್ಯ. ಕಂಠೀರವ ನರಸರಾಜ ಒಡೆಯರು (1638–1659) ಹಾಕಿಸಿದ ಚಿನ್ನದ ಕಂಠೀರಾಯಿ ಹಣವು ಹುಣಸೆಬೀಜಕ್ಕಿಂತಲೂ ಚಿಕ್ಕದು. ಅಳತೆಪಟ್ಟಿಯಿಲ್ಲದೆ ಚಿತ್ರಿಸಿದರೆ ಅದು ರೂಪಾಯಿಯಷ್ಟು ದೊಡ್ಡದೆಂದು ಭ್ರಮೆಯಾದೀತು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಲೂ ಕೂಡದು. ಟಿಪ್ಪೂ ಸುಲ್ತಾನನು ತಾನು ಆರಂಭಿಸಿದ ಮೌಲೂದಿ ಶಕೆಯ ವರ್ಷಗಳನ್ನು ನಾಣ್ಯಗಳ ಮೇಲೆ ಬಲದಿಂದ ಎಡಕ್ಕೆ ಅಂಕಿಸಿದನು. ಚಿತ್ರವೇ ತಿರುಗಿದೆಯೆಂದು ಭಾವಿಸಿ ಅದನ್ನು 'ಸರಿಪಡಿಸಿದವನು' ಆ ನಾಣ್ಯದ ವಿಶೇಷವನ್ನೇ ಅಳಿಸಿದಂತಾಗುತ್ತದೆ.

ಚಿತ್ರವು ಹೇಳಲಾರದ ಸಂಗತಿಗಳೂ ಉಂಟು. ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. 1940ರಿಂದ ಅದು 50 ಭಾಗಕ್ಕೆ ಇಳಿಯಿತು. ತೂಕ ಮಾತ್ರ ಎರಡಕ್ಕೂ 11.66 ಗ್ರಾಂ. 1947ರ ರೂಪಾಯಿಯಂತೂ ನಿಕ್ಕಲಿನದು. ಆದುದರಿಂದ ವರ್ಷವನ್ನೂ ತೂಗಿ ನೋಡಿದ ತೂಕವನ್ನೂ ಚಿತ್ರದ ಕೆಳಗೆ ಬರೆಯತಕ್ಕದ್ದು. ಹಿಂದೆ ಪದಕವಾಗಿ ಧರಿಸಿ ಕೊಂಡಿಯನ್ನು ಬೆಸೆದಿದ್ದ ಗುರುತು, ಗೀರು, ನೆಗ್ಗು ಇದ್ದರೆ ಅದರದೂ ಒಂದು ಚಿತ್ರ ಇರಲಿ. ಬಣ್ಣವನ್ನು ಮಿರುಗಿಸುವ, ಕಲೆಯನ್ನು ಅಳಿಸುವ ಯಂತ್ರಚಾತುರ್ಯವನ್ನು ಮದುವೆಯ ಚಿತ್ರಗಳಿಗೆ ಬಿಡೋಣ. ಬೇರೆಯವರು ತೆಗೆದ ಚಿತ್ರವನ್ನು ತಮ್ಮ ನಾಣ್ಯದ್ದೆಂದು ತೋರಿಸುವುದು ಸುಳ್ಳುಸಾಕ್ಷಿಗೆ ಸಮಾನ.

ಚಿತ್ರವು ಹೊರಗೆ ಹೋದಮೇಲೆ ಬರುವವರೆಲ್ಲರೂ ಸಜ್ಜನರಲ್ಲ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಹೇಳಿ, ಮೊದಲು ತೆರಿಗೆ ಕಟ್ಟಿರಿ, ದಳ್ಳಾಳಿ ಕೊಡಿರಿ ಎಂದು ಹಣ ಕೀಳುವವರುಂಟು. ಇಂತಹವರು ತಮ್ಮ ಹೆಸರನ್ನೂ ಲಾಂಛನವನ್ನೂ ಬಳಸುತ್ತಿದ್ದಾರೆಂದು ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಜನರನ್ನು ಎಚ್ಚರಿಸಿತು. ತಾನು ಇಂತಹ ವ್ಯವಹಾರ ಮಾಡುವುದೂ ಇಲ್ಲ, ಶುಲ್ಕ ಕೇಳುವುದೂ ಇಲ್ಲವೆಂದು ತಿಳಿಸಿತು. ಮಾರುವವನು ಹಣ ಪಡೆಯಬೇಕಾದವನೇ ಹೊರತು ಕೊಡಬೇಕಾದವನಲ್ಲವೆಂಬ ಒಂದು ಮಾತು ನೆನಪಿದ್ದರೆ ಸಾಕು. ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಮೇರೆಗೆ ನೂರು ವರ್ಷ ತುಂಬಿದ ನಾಣ್ಯವು ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸಕೂಡದು, ಪರವಾನಗಿಯಿಲ್ಲದೆ ಅಂತಹ ವಸ್ತುಗಳ ವ್ಯಾಪಾರವನ್ನು ನಡೆಸಕೂಡದು. ನೆಲದಲ್ಲಿ ಸಿಕ್ಕ ನಿಧಿಯನ್ನು ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಎಲ್ಲ ಗಂಟುಗಳೂ ಮಾರಾಟಕ್ಕಾಗಿಯೇ ಇಲ್ಲ. ಬಲ್ಲವರೊಡನೆ ಚಿತ್ರವನ್ನು ಹಂಚಿಕೊಂಡು ನಾಣ್ಯದ ಅಕ್ಷರಗಳನ್ನು ಓದಿಸಿಕೊಳ್ಳುವುದೂ ಒಂದು ಲಾಭ. ಮನೆಯ ಮಕ್ಕಳು ಅದರ ಮೂಲಕ ಚರಿತ್ರೆಯನ್ನು ಕಲಿತಾರು. ಕಷ್ಟಕಾಲದಲ್ಲಿ ಮಾರಲೇಬೇಕಾದರೂ, ಮಾರುವ ಮೊದಲು ಚೆನ್ನಾಗಿ ತೆಗೆದ ಚಿತ್ರಗಳ ಒಂದು ಪ್ರತಿಯನ್ನು ಇಟ್ಟುಕೊಂಡು, ಅದು ಯಾರಿಂದ ಬಂದಿತು, ಯಾವ ಪೆಟ್ಟಿಗೆಯಲ್ಲಿತ್ತು ಎಂಬುದನ್ನು ಕೆಳಗೆ ಬರೆದಿಡಿರಿ. ನಾಣ್ಯವು ಕೈಯಿಂದ ಕೈಗೆ ಹೋಗುವುದಕ್ಕಾಗಿಯೇ ಹುಟ್ಟಿದ್ದು. ಅಜ್ಜಿಯ ನೆನಪು ಮಾತ್ರ ಮನೆಯಲ್ಲಿಯೇ ಉಳಿಯಬೇಕಾದದ್ದು.