ಕಾಗದದ ಕೀಲಿಕೈ ಯಾರಲ್ಲಿ?

ಬರೆಯುವ ಸ್ವಾತಂತ್ರ್ಯವನ್ನು ರಾಜ್ಯಘಟನೆಯು ಎಷ್ಟೇ ಧಾರಾಳವಾಗಿ ಕೊಟ್ಟಿದ್ದರೂ ಅಚ್ಚು ಹಾಕುವ ಕಾಗದವು ಪರಾಧೀನವಾಗಿದ್ದರೆ ಆ ಸ್ವಾತಂತ್ರ್ಯವು ಅರ್ಧವೇ ಸರಿ. ಈ ವಿಷಯದಲ್ಲಿ ಅಮೇರಿಕೆಯ ಅನುಭವವನ್ನೂ ನಮ್ಮ ದೇಶದ ಅನುಭವವನ್ನೂ ಒಂದರ ಮಗ್ಗುಲಿಗೆ ಒಂದನ್ನಿಟ್ಟು ನೋಡುವುದು ವಾಚಕರಿಗೆ ಬೋಧಪ್ರದವಾದೀತೆಂದು ನಾವು ನಂಬುತ್ತೇವೆ.

ಅಮೇರಿಕೆಯೂ ವರ್ತಮಾನಪತ್ರಗಳ ಕಾಗದವನ್ನು ಹೊರಗಿನಿಂದ ತರಿಸಿದ ದೇಶವೇ. ಕಳೆದ ಶತಮಾನದ ಆರಂಭದಲ್ಲಿ ಕೆನಡಾದ ಪ್ರಾಂತಗಳು ತಮ್ಮ ಸರಕಾರೀ ಅಡವಿಯ ಮರವನ್ನು ಹಾಗೆಯೇ ಸಾಗಿಸಕೂಡದೆಂದು ಕಟ್ಟು ಮಾಡಿದುವು. ಅತ್ತ ಅಮೇರಿಕೆಯ ಪತ್ರಿಕೆಗಳವರು ಕಾಗದದ ಮೇಲೆ ಸುಂಕ ಬೇಡವೆಂದು ಹಟ ಹಿಡಿದರು. ೧೯೧೩ರ ಶಾಸನದಿಂದ ಸುಂಕವು ಹೋಯಿತು; ಗಿರಣಿಗಳು ಉತ್ತರಕ್ಕೆ ಸರಿದುವು; ೧೯೨೬ರಲ್ಲಿ ಕೆನಡಾವು ಉತ್ಪಾದನೆಯಲ್ಲಿ ಅಮೇರಿಕೆಯನ್ನು ಹಿಂದೆ ಹಾಕಿತು. ಆದರೂ ಅಮೇರಿಕೆಯವರು ಕೈಕಟ್ಟಿ ಕೂಡ್ರಲಿಲ್ಲ. ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಹರ್ಟಿಯವರು ದಕ್ಷಿಣದ ಪೈನ್ ಮರದಿಂದಲೂ ಈ ಕಾಗದವಾದೀತೆಂದು ತೋರಿಸಿಕೊಟ್ಟರು. ೧೯೪೦ರಲ್ಲಿ ಟೆಕ್ಸಾಸ್ ಪ್ರಾಂತದ ಲಫ್ಕಿನ್ನಿನಲ್ಲಿ ಅದು ಸಿದ್ಧಿಸಿತು. ೨೦೧೮ರಲ್ಲಿ ಒಂದೇ ಗಿರಣಿಯ ದೂರಿನ ಮೇಲೆ ಕೆನಡಾದ ಕಾಗದಕ್ಕೆ ಮತ್ತೆ ಸುಂಕ ಬೀಳಲು ಪತ್ರಿಕೆಗಳು ಹುಯ್ಯಲಿಟ್ಟುವು. ಆಗಸ್ಟ್ ತಿಂಗಳಲ್ಲಿ ಅಲ್ಲಿಯ ವ್ಯಾಪಾರ ಆಯೋಗವು ಅದನ್ನು ತಳ್ಳಿಹಾಕಿತು.

ನಮ್ಮ ಕಥೆಯೇ ಬೇರೆ. ೧೯೫೫ರಲ್ಲಿ ನೇಪಾನಗರದ ಗಿರಣಿಯು ಬಿದಿರು, ಸಲಾಯಿ ಮರಗಳಿಂದ ಕಾಗದ ತೆಗೆಯುವ ವರೆಗೆ ನಮಗೆ ಹಡಗೇ ಗತಿಯಾಗಿತ್ತು. ವಿದೇಶೀ ನಾಣ್ಯದ ಕೊರತೆಯ ಕಾರಣವನ್ನು ಮುಂದಿಟ್ಟು ಸರಕಾರದವರು ೧೯೬೨ರ ನಿಯಂತ್ರಣಾಜ್ಞೆಯ ಮೂಲಕ ಕಾಗದವನ್ನು ಅಳೆದು ಕೊಡಹತ್ತಿದರು. ೧೯೭೨ರಲ್ಲಿ ಹತ್ತು ಪುಟಗಳನ್ನು ಮೀರಕೂಡದೆಂಬ ವಿಧಿಯೂ ಬಂದಿತು. ಇದೆಲ್ಲ ಚಿಕ್ಕ ಪತ್ರಿಕೆಗಳ ಹಿತಕ್ಕಾಗಿ ಎಂಬುದು ಅವರ ವಾದ. ಉದ್ದೇಶವು ಒಳ್ಳೆಯದೇ ಇದ್ದಿರಬಹುದು. ಆದರೆ ಕಾಗದವನ್ನು ಅಳೆಯುವ ಕೈಯು ಮಾತನ್ನೂ ಅಳೆಯಬಲ್ಲದು. ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಆ ಪುಟಮಿತಿಯನ್ನು ರದ್ದುಗೊಳಿಸಿತು. ೧೯೮೧ರಲ್ಲಿ ವಿಧಿಸಿದ ನೂರಕ್ಕೆ ೧೫ರ ಸುಂಕವನ್ನು ಮರುವಿಚಾರಿಸಬೇಕೆಂದು ೧೯೮೪ರಲ್ಲಿ ಅದೇ ನ್ಯಾಯಾಲಯವು ಅಪ್ಪಣೆ ಕೊಟ್ಟಿತು. ಇಷ್ಟಾದರೂ ೨೦೧೯ರಲ್ಲಿ ನೂರಕ್ಕೆ ೧೦ರ ಸುಂಕವು ಮರಳಿ ಬಂದು, ಮರುವರ್ಷ ೫ಕ್ಕೆ ಇಳಿಯಿತು.

ಹೊರಗಿನಿಂದ ತರಿಸುವುದೇ ದೋಷವೆಂದು ನಾವು ಹೇಳುತ್ತಿಲ್ಲ. ಅಮೇರಿಕೆಯವರು ಬಹಳ ತರಿಸಿದರು. ಆದರೆ ಎಷ್ಟು ಪುಟ ಅಚ್ಚು ಹಾಕಬೇಕೆಂಬುದನ್ನು ಸರಕಾರದ ಕಚೇರಿಗೆ ಬಿಡಲಿಲ್ಲ, ಸ್ವಂತ ಅಡವಿಯನ್ನೂ ಮರೆಯಲಿಲ್ಲ. ಭೇದವಿರುವುದು ಇಲ್ಲಿಯೇ.

ಕನ್ನಡಿಗರು ಇದನ್ನು ವಿಶೇಷವಾಗಿ ಮನನ ಮಾಡಬೇಕು. ನಮ್ಮ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಾಗ ಧಾರವಾಡದ ಮಾತನ್ನು ಮೈಸೂರಿಗೂ, ಬಳ್ಳಾರಿಯ ಅಳಲನ್ನು ಮಂಗಳೂರಿಗೂ ಮುಟ್ಟಿಸಿದುದು ಅಗ್ಗದ ಕಾಗದದ ನಾಲ್ಕು ಪುಟಗಳೇ. ೧೯೫೬ರ ನವೆಂಬರ್ ೧ರ ಏಕೀಕರಣಕ್ಕೆ ಆ ಪುಟಗಳ ಋಣವುಂಟು. ಇತ್ತ ೧೯೩೬ರಲ್ಲಿ ಮೈಸೂರು ಅರಸರ ಕಾಲದಲ್ಲಿ ಸ್ಥಾಪಿತವಾಗಿ, ಮುಂದೆ ವರ್ತಮಾನಪತ್ರಗಳ ಕಾಗದವನ್ನೂ ತಯಾರಿಸಿದ ಭದ್ರಾವತಿಯ ಗಿರಣಿಯ ಯಂತ್ರಗಳು ೨೦೧೫ರಲ್ಲಿ ನಿಂತುವು. ಭದ್ರೆಯ ನೀರೂ ಮಲೆನಾಡಿನ ಬಿದಿರೂ ಇದ್ದ ನಾಡಿಗೆ ಇದು ಶೋಭಿಸುವ ಸಂಗತಿಯಲ್ಲ.

ಆದಕಾರಣ ನಮ್ಮ ಬೇಡಿಕೆಗಳು ಎರಡು: ವರ್ತಮಾನಪತ್ರಗಳ ಕಾಗದವನ್ನು ಬೊಕ್ಕಸದ ಆದಾಯದ ಬಾಬೆಂದು ಕೇಂದ್ರ ಸರಕಾರದವರು ಎಣಿಸದಿರಲಿ; ಭದ್ರಾವತಿಯ ಗಿರಣಿಯನ್ನು ಮಣ್ಣುಪಾಲು ಮಾಡದಂತೆ ಕರ್ನಾಟಕ ಸರಕಾರದವರು ನೋಡಿಕೊಳ್ಳಲಿ. ಕನ್ನಡದ ಮಾತು ಕನ್ನಡ ನೆಲದ ಕಾಗದದ ಮೇಲೆ ಅಚ್ಚಾಗುವ ದಿನವು ಮತ್ತೆ ಬರಬೇಕು. ಅದಕ್ಕಾಗಿ ಮಹಾಜನರು ತಮ್ಮ ಪ್ರತಿನಿಧಿಗಳನ್ನು ಎಡೆಬಿಡದೆ ಕೇಳುತ್ತಿರಬೇಕು.