ಷೋಕೇಸಿನ ದೋಣಿಯನ್ನ ನೀರಿಗೆ ಇಳಿಸ್ರಿ

ನಮ್ಮ ದೋರನಹಳ್ಳಿ ಕಡೆ ಗೋವಾಕ್ಕೋ ಕೇರಳಕ್ಕೋ ಟೂರ್ ಹೋಗಿ ಬಂದವರ ಮನೆಯಲ್ಲಿ, ಟಿವಿ ಪಕ್ಕದ ಷೋಕೇಸ್‌ನೊಳಗ ಒಂದು ಕಟ್ಟಿಗೆ ದೋಣಿ ಕಾಣಸ್ತದ. ಹಾಯಿ, ಹಗ್ಗ, ವಾರ್ನಿಷ್ ಎಲ್ಲಾ ಚೆಂದ. ನೀರು ಮಾತ್ರ ಎಂದೂ ಕಂಡಿಲ್ಲ. ನಮ್ಮ ಟೆಕ್ ಫೆಸ್ಟ್‌ಗಳಲ್ಲಿ ಟೇಬಲ್ ಮೇಲೆ ಇಡುವ ಮಾಡೆಲ್‌ಗಳೂ ಹಿಂಗೇ. ಜಡ್ಜ್ ಬರ್ತಾರೆ, ಎಲ್‌ಇಡಿ ಉರೀತದ, ಫೋಟೊ ಆಗ್ತದ, ಸಂಜೆಗೆ ಮೂಲೆ ಸೇರ್ತದ. ನನ್ನ ವಾದ ಇಷ್ಟೇ: ಹೊಸ ಮಾಡೆಲ್ ಮಾಡೋದಕ್ಕಿಂತ, ಇಂಥ ಒಂದು ಷೋಪೀಸ್ ದೋಣಿಗೆ ಮೋಟರ್, ಬ್ಯಾಟರಿ, ರೇಡಿಯೊ ಹಾಕಿ ನೀರಿನ ಮೇಲೆ ಓಡಿಸೋದು ದೊಡ್ಡ ಎಂಜಿನಿಯರಿಂಗ್. ಯಾಕಂದ್ರೆ ಷೋಪೀಸ್ ಉತ್ತರ ಕೊಡಬೇಕಾಗಿರೋದು ಕಣ್ಣಿಗೆ ಮಾತ್ರ. ನೀರಿಗಿಳಿದ ದೋಣಿ ಆರ್ಕಿಮಿಡೀಸ್‌ಗೆ ಉತ್ತರ ಕೊಡಬೇಕು.

ಲೆಕ್ಕ ಹಾಕಿ ನೋಡ್ರಿ. 60 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ದೋಣಿ 4 ಸೆಂ.ಮೀ. ಮುಳುಗಿ ತೇಲಬೇಕು ಅಂತಿಟ್ಟುಕೊಳ್ಳೋಣ. ಪೆಟ್ಟಿಗೆಯಾಗಿದ್ದರೆ 3600 ಘನ ಸೆಂ.ಮೀ. ನೀರನ್ನು ಸರಿಸುತ್ತಿತ್ತು. ಎರಡೂ ತುದಿ ಚೂಪಾಗಿ, ತಳ ದುಂಡಗಿರುವುದರಿಂದ ಅದರ ಅರ್ಧ, 1800 ಎನ್ನೋಣ. ಅಂದರೆ ಒಟ್ಟು ತೂಕ 1.8 ಕೆ.ಜಿ. ದಾಟುವಂತಿಲ್ಲ. ಬರೀ ಕಟ್ಟಿಗೆಯೇ 1.2 ಕೆ.ಜಿ. ಇದ್ದರೆ ಉಳಿಯೋದು 600 ಗ್ರಾಂ. ಮೋಟರ್, ಬ್ಯಾಟರಿ, ಸ್ಪೀಡ್ ಕಂಟ್ರೋಲರ್, ಚುಕ್ಕಾಣಿ ತಿರುಗಿಸುವ ಸರ್ವೊ, ರಿಸೀವರ್, ತಳಕ್ಕೆ ಹಾಕುವ ಸೀಸದ ತುಂಡು ಎಲ್ಲವೂ ಇಷ್ಟರಲ್ಲೇ ಮುಗೀಬೇಕು. ಒಳಗೆ ಕೆತ್ತಿ ಕಟ್ಟಿಗೆ ಕಡಿಮೆ ಮಾಡಬೇಕೋ, ಚಿಕ್ಕ ಬ್ಯಾಟರಿ ಹಾಕಬೇಕೋ ಅನ್ನೋ ತೀರ್ಮಾನ ನಿಮ್ಮದು. ಡಿಸೈನ್ ಅಂದ್ರೆ ಇದೇ ಅಲ್ಲೇನ್ರಿ?

ಆಮೇಲೆ ಸಮತೋಲ. ಷೋಪೀಸ್ ಮಾಡಿದವರು ಅಂದಕ್ಕೆ ಮೇಲ್ಭಾಗವನ್ನೇ ತುಂಬಿರ್ತಾರೆ: ದಪ್ಪ ಕಂಬ, ಗಟ್ಟಿ ಕಟ್ಟಿಗೆಯ ಕ್ಯಾಬಿನ್. ನೀರಿಗಿಟ್ಟ ಕೂಡಲೇ ಮಗುಚುತ್ತದೆ. ಫ್ಲುಯಿಡ್ ಮೆಕ್ಯಾನಿಕ್ಸ್‌ನಲ್ಲಿ ಮೆಟಾಸೆಂಟರ್ ಅಂತ ಓದಿ, ಲ್ಯಾಬ್‌ನಲ್ಲಿ ರೀಡಿಂಗ್ ಬರೆದು, ಪರೀಕ್ಷೆ ಮುಗಿದ ಮರುದಿನ ಮರೆತದ್ದು ಇಲ್ಲಿ ಎದುರಿಗೆ ಬಂದು ನಿಲ್ತದ. ಬ್ಯಾಟರಿಯನ್ನು ತಳಕ್ಕೆ ಇಳಿಸಿ, ಮೇಲಿನ ಭಾಗವನ್ನು ತೆಳು ಬಾಲ್ಸಾ ಹಲಗೆಯಲ್ಲಿ ಮತ್ತೆ ಕಟ್ಟಿ, ನೀರಿನ ತೊಟ್ಟಿಯಲ್ಲಿ ಬಿಟ್ಟು, ಒಂದು ಅಂಚನ್ನು ಬೆರಳಿಂದ ಒತ್ತಿ ಬಿಡ್ರಿ. ತಟ್ಟನೆ ನೆಟ್ಟಗಾದರೆ ಪಾಸ್. ವಾಲಿಕೊಂಡೇ ನಿಂತರೆ ಇನ್ನೂ ಕೆಲಸ ಅದ.

ಮೋಟರ್ ವಿಷಯದಲ್ಲಂತೂ ನಮ್ಮವರ ಮೊದಲ ಐಡಿಯಾ, ಕೆಟ್ಟ ಡ್ರೋನ್‌ನಿಂದ ಕಿತ್ತು ಹಾಕೋದು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಗಾಳಿಯಲ್ಲಿ ಸಲೀಸಾಗಿ ತಿರುಗೋ ಮೋಟರ್‌ಗೆ ನೀರೊಳಗಿನ ಪ್ರೊಪೆಲ್ಲರ್ ಹಚ್ಚಿದರೆ ಅದು ಕರೆಂಟ್ ಎಳೆದು ಎಳೆದು ಬಿಸಿಯಾಗ್ತದ. ಡ್ರೋನ್‌ನ ಸ್ಪೀಡ್ ಕಂಟ್ರೋಲರ್‌ಗಳಲ್ಲಿ ಎಷ್ಟೋ ಸಲ ರಿವರ್ಸ್ ಕೂಡ ಇರಲ್ಲ. ದೋಣಿಗೋ ಬ್ರೇಕ್ ಅಂದ್ರೆ ರಿವರ್ಸೇ. ಮೊದಲ ಸಲಕ್ಕೆ ಸಾಧಾರಣ ಬ್ರಷ್ ಇರುವ ಡಿಸಿ ಮೋಟರ್, ಆರು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ 7.2 ವೋಲ್ಟ್ ಪ್ಯಾಕ್ ಸಾಕು. ಷೋಪೀಸ್‌ನ ಚುಕ್ಕಾಣಿ ಅಂದಕ್ಕಷ್ಟೇ ಇರೋದು, ಅದನ್ನೂ ತುಸು ದೊಡ್ಡದು ಮಾಡಬೇಕು. ಶಾಫ್ಟ್ ಹೊರಬರುವ ಕೊಳವೆಗೆ ಗ್ರೀಸ್ ತುಂಬದಿದ್ದರೆ ನೀರು ಒಳಗೆ ಬರ್ತದ. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರೊಳಗೆ ಸಾಗಲ್ಲ, ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲೆ ಇರಬೇಕು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಇಸಿ ಮೂರೂ ಬ್ರಾಂಚ್ ಒಂದೇ ಮೇಜಿಗೆ ಬರದೆ ಈ ದೋಣಿ ಹೊರಡಲ್ಲ.

"ಇದು ಆಟಿಗೆ ಸಾಮಾನು, ಇದರಾಗ ಎಂಥಾ ಪ್ರಾಜೆಕ್ಟ್?" ಅನ್ನುವವರಿಗೆ ಎರಡು ಹೆಸರು ಹೇಳ್ತೀನಿ. 1898ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ಜನರ ಮುಂದೆ ರೇಡಿಯೊದಿಂದ ನಡೆಸಿ ತೋರಿಸಿದ್ದು ಬ್ಯಾಟರಿಯ ಒಂದು ಪುಟ್ಟ ದೋಣಿಯನ್ನೇ. ಇವತ್ತಿನ ಡ್ರೋನ್‌ಗಳಿಗೆ ಅದು ಮುತ್ತಜ್ಜ. ಅದಕ್ಕೂ ಮೊದಲು, 1870ರ ದಶಕದಲ್ಲಿ, ಇಂಗ್ಲೆಂಡಿನ ಟಾರ್ಕಿಯಲ್ಲಿ ವಿಲಿಯಂ ಫ್ರೌಡ್ ಚಿಕ್ಕ ಮಾಡೆಲ್‌ಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದೇ ದೊಡ್ಡ ಹಡಗುಗಳ ಗುಟ್ಟು ತಿಳಿದುಕೊಂಡ. 25ನೇ ಒಂದು ಪಾಲಿನ ಮಾಡೆಲ್ ಐದನೇ ಒಂದು ಪಾಲು ವೇಗದಲ್ಲಿ ಹೋದರೆ ಅದರ ಅಲೆಗಳು ನಿಜವಾದ ಹಡಗಿನ ಅಲೆಗಳಂತೇ ಇರ್ತಾವ. ಇದು ಆಟ ಆದ್ರೆ ಇಂಥ ಆಟ ಇನ್ನಷ್ಟು ಬೇಕು.

ನಮ್ಮ ಜಿಲ್ಲೆಗೆ ಇದು ಇನ್ನೂ ಹತ್ತಿರದ ಮಾತು. ದೋರನಹಳ್ಳಿಯಿಂದ ಯಾದಗಿರಿ ಕಡೆ ಹೊರಟರೆ ಭೀಮಾ, ಶಹಾಪುರ ದಾಟಿ ದೇವದುರ್ಗದ ಕಡೆ ಹೋದರೆ ಕೊಳ್ಳೂರು ಬಳಿ ಕೃಷ್ಣಾ. 2019ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದಿಂದ ಲಕ್ಷಗಟ್ಟಲೆ ಕ್ಯುಸೆಕ್ ನೀರು ಬಿಟ್ಟಾಗ ಕೊಳ್ಳೂರು ಸೇತುವೆ ಮುಳುಗಿತ್ತು. ಸುರಪುರ ಸೀಮೆಯ ನಡುಗಡ್ಡೆ ನೀಲಕಂಠರಾಯನಗಡ್ಡಿಯ ಜನ ಹೊಳೆ ತುಂಬಿದಾಗಲೆಲ್ಲ ಹೊರಗಿನ ಸಂಪರ್ಕ ಕಳೆದುಕೊಂಡವರು. ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜಿ ದಾಟಿದವರೂ ಅಲ್ಲಿದ್ದಾರೆ. ಬಿದಿರು ಹೆಣೆದು, ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿದು ಹರಿಗೋಲು ಕಟ್ಟುವವರು ನಮ್ಮ ಹೊಳೆ ದಂಡೆಯಲ್ಲೇ ಇದ್ದಾರೆ. ಅವರ ಹತ್ರ ಕೂತು ಕೇಳಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎಷ್ಟು ಮಂದಿ?

ಷೋಕೇಸ್ ದೋಣಿ ಪ್ರವಾಹದಲ್ಲಿ ಯಾರನ್ನೂ ಉಳಿಸಲ್ಲ, ಒಪ್ಪಿದೆ. ಆದರೆ 2016ರಲ್ಲಿ ಗ್ರೀಸ್‌ನ ಲೆಸ್ಬೋಸ್ ದ್ವೀಪದ ಬಳಿ ವಲಸಿಗರನ್ನು ದಡಕ್ಕೆ ತರಲು ಬಳಸಿದ 'ಎಮಿಲಿ' ಎಂಬ ರಿಮೋಟ್ ಲೈಫ್‌ಬಾಯ್ ಒಳಗೂ ಇರೋದು ಮೋಟರ್, ಬ್ಯಾಟರಿ, ರೇಡಿಯೊ, ನೀರು ಬರದಂಥ ಹೊಟ್ಟೆ. ತುಂಬಿದ ಹಳ್ಳದ ಆಚೆಗೆ ಒಂದು ಹಗ್ಗದ ತುದಿ ಮುಟ್ಟಿಸುವ ದೋಣಿಯನ್ನು ನಾಳೆ ನಮ್ಮವರೇ ಮಾಡಬೇಕಾದರೆ, ಇವತ್ತು ತೊಟ್ಟಿಯಲ್ಲಿ ನಾಲ್ಕು ದೋಣಿ ಮುಳುಗಬೇಕು. ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತಂದವರಿಗೆ ಆ ಮುಳುಗುವ ಭಾಗ್ಯವೂ ಇಲ್ಲ.

ಎಚ್ಚರಿಕೆಯ ಮಾತು ಎರಡು. ಕಾಲುವೆಯಲ್ಲಿ ಬಿಡಬೇಡ್ರಿ, ಹರಿವಿನ ಮುಂದೆ ಚಿಕ್ಕ ಮೋಟರ್ ನಿಲ್ಲಲ್ಲ. ಕೃಷಿ ಹೊಂಡದಲ್ಲಿ ಬಿಟ್ಟರೆ ನಿಂತ ದೋಣಿ ತರಲು ಇಳಿಯಬೇಡ್ರಿ. ಪ್ಲಾಸ್ಟಿಕ್ ಹಾಸಿದ ದಂಡೆ ಜಾರ್ತದ, ಇಳಿದವರಿಗೆ ಮೇಲೆ ಬರೋದು ಕಷ್ಟ. ದೋಣಿಗೊಂದು ದಾರ ಕಟ್ರಿ, ಸಿಗ್ನಲ್ ತಪ್ಪಿದರೆ ಮೋಟರ್ ತಾನೇ ನಿಲ್ಲುವಂತೆ ಫೇಲ್‌ಸೇಫ್ ಸೆಟ್ ಮಾಡ್ರಿ. ಅಜ್ಜ ತಂದ ನೆನಪಿನ ದೋಣಿ ಇದ್ದರೆ ಅದನ್ನ ಮುಟ್ಟಬೇಡ್ರಿ, ಅಂಥದ್ದೇ ಇನ್ನೊಂದು ಹುಡುಕ್ರಿ.

ಮುಂದಿನ ಫೆಸ್ಟ್‌ಗೆ ನನ್ನದೊಂದು ಬೇಡಿಕೆ. ಒಂದು ತೊಟ್ಟಿ ಇಡಿಸ್ರಿ. ನಿಯಮ ಒಂದೇ: ದೋಣಿ 15 ನಿಮಿಷ ಓಡಬೇಕು, ಆಮೇಲೆ ಮುಚ್ಚಳ ತೆಗೆದು ಒಳಗೆ ಎಷ್ಟು ನೀರು ಬಂದಿದೆ ಅಂತ ಎಲ್ಲರ ಮುಂದೆ ಅಳೀಬೇಕು. ಬಣ್ಣಕ್ಕೆ ಮಾರ್ಕ್ಸ್ ಬೇಡ. ಯಾರ ದೋಣಿ ಒಣಗಿರ್ತದೋ ಅವರೇ ಗೆದ್ದರು.